ನಾಲ್ಕು ಲೈಸೆನ್ಸ್ ಬೀರುವಿನಲ್ಲಿ, ಒಂದು ಬೀದಿಯಲ್ಲಿ

ಕೆ.ಆರ್. ಪೇಟೆಯ ಒಂದು ಕಾಲೇಜಿನ ಸರ್ವರ್‌ನಲ್ಲಿ ನನ್ನ ಹೆಸರಿಗೊಂದು ಲೈಸೆನ್ಸ್ ಇದೆ. ಎರಡು ವರ್ಷದಿಂದ ಇದೆ. ಅದನ್ನು ನಾನು ಒಂದೇ ಒಂದು ದಿನವೂ ಬಳಸಿಲ್ಲ. ಅದರ ಪಾಸ್‌ವರ್ಡ್ ಏನು ಅಂತಲೂ ನನಗೆ ಗೊತ್ತಿಲ್ಲ. ಒಂದು ಲಕೋಟೆಗೆ ಹಾಕಿ, ಗೋಂದು ಅಂಟಿಸಿ, ಕಾರ್ಯದರ್ಶಿಗಳ ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದಾರೆ.

ಹೀಗೆ ಸುಖವಾಗಿ ಮಲಗಿದ್ದ ನನ್ನ ಲೈಸೆನ್ಸಿನ ದೆಸೆಯಿಂದ ಹೋದ ತಿಂಗಳು ಒಬ್ಬ ಹೆಣ್ಣುಮಗಳ ಕೆಲಸ ಹೋಗುವುದರಲ್ಲಿತ್ತು. ಕೆಲಸದ ಜೊತೆಗೆ ಮಾನವೂ.

ನಾನು ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು, ಮನೆ ಪಾಂಡವಪುರದಲ್ಲಿ ಅಂತ ಈ ಅಂಕಣ ಓದುವ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ನಿವೃತ್ತಿಯಾಗಿ ಆರು ತಿಂಗಳಿಗೆ ಆ ಕಾಲೇಜಿನ ಆಡಳಿತ ಮಂಡಳಿ ಅಧ್ಯಕ್ಷರು ಫೋನ್ ಮಾಡಿದ್ದರು. ಚಿಕ್ಕೇಗೌಡರು ಅಂತ. ದೊಡ್ಡ ಜಮೀನುದಾರರು, ಕಾಲೇಜಿಗೆ ಜಾಗ ಕೊಟ್ಟ ಮನೆತನದವರು. "ಮೇಡಮ್ಮೋರೆ, ಕಮಿಟೀಲಿ ಒಬ್ರಾದ್ರೂ ಲೇಡೀಸು ಇರ್ಲೇಬೇಕು ಅಂತ ರೂಲ್ಸ್ ಆಗೋಗದೆ. ನೀವೇ ಬಂದ್ಬುಡಿ" ಅಂದರು. (ಗೌರವದ ಆಹ್ವಾನ ಅಂದರೆ ಹೀಗಿರಬೇಕು.) ಹೋದೆ. ತಿಂಗಳಿಗೊಂದು ಮೀಟಿಂಗು. ಬಸ್ಸು ಹತ್ತುವುದು, ಬೋಂಡಾ ತಿನ್ನುವುದು, ತೋರಿಸಿದಲ್ಲಿ ಸೈನ್ ಹಾಕುವುದು, ಬಸ್ಸು ಹತ್ತುವುದು.

ಎರಡು ವರ್ಷದ ಹಿಂದೆ ಅಂಥದೊಂದು ಮೀಟಿಂಗಿನಲ್ಲಿ ಹಾಜರಾತಿ, ಅಂಕ, ಎಲ್ಲವೂ ಇನ್ನು ಮುಂದೆ ಕಂಪ್ಯೂಟರ್‌ನಲ್ಲೇ ಇರಬೇಕು ಅಂತ ತೀರ್ಮಾನವಾಯಿತು. ಅದಕ್ಕೊಂದು ಸರ್ವರ್ ಬೇಕು. ಎಲ್ಲರ ಲೆಕ್ಕಪತ್ರ ಒಂದೇ ಕಡೆ ಇಟ್ಟುಕೊಂಡು, ಕೇಳಿದವರಿಗೆ ಕೊಡುವ ದೊಡ್ಡ ಕಂಪ್ಯೂಟರ್ ಅದು. ಮೈಸೂರಿನಿಂದ ಕಿರಣ್ ಅನ್ನುವ ಸೇಲ್ಸ್‌ನವರು ಬಂದರು. ಗೋಡೆಯ ಮೇಲೆ ಸ್ಲೈಡ್ ಬಿಟ್ಟರು. ಪರ್ ಕೋರ್, ಪರ್ ಯೂಸರ್, ಪರ್ ಡಿವೈಸ್, ಪರ್ಪೆಚುಯಲ್, ಸಬ್‌ಸ್ಕ್ರಿಪ್ಷನ್, ಕ್ಲೌಡ್. ನಾವು ಆರು ಜನ ಪಿಳಿಪಿಳಿ ನೋಡುತ್ತಾ ಕೂತೆವು. ಅರ್ಥವಾಗಲಿಲ್ಲ ಅಂತ ಹೇಳಲು ಯಾರಿಗೂ ಧೈರ್ಯವಿಲ್ಲ. ಮೂವತ್ತು ವರ್ಷ ಮಕ್ಕಳಿಗೆ 'ಅರ್ಥವಾಗದಿದ್ದರೆ ಕೈ ಎತ್ತಿ' ಅಂತ ಗದರಿದ ನಾನು ಅವತ್ತು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದೆ.

ಕೇಳಿದವರು ಗೌಡರೊಬ್ಬರೇ. ಅದಕ್ಕೆ ಅವರನ್ನು ಮೆಚ್ಚಬೇಕು.

"ಕಿರಣಪ್ಪ, ಅದೆಲ್ಲಾ ಬುಡು. ಇದು ಕ್ರಯವೋ, ಭೋಗ್ಯವೋ, ಬಾಡ್ಗೆಯೋ, ಅಷ್ಟು ಯೋಳು."

"ಬಾಡಿಗೆ, ಕ್ರಯ ಎರಡೂ ಇದೆ ಸರ್. ವರ್ಷವರ್ಷ ಕಟ್ಟಿದರೆ ಬಾಡಿಗೆ ಥರ. ಒಂದೇ ಸಲ ಕಟ್ಟಿದರೆ ಕ್ರಯದ ಥರ. ಆದರೆ ಸಾಫ್ಟ್‌ವೇರ್ ನಿಮ್ಮದಾಗಲ್ಲ. ಬಳಸೋ ಹಕ್ಕು ಮಾತ್ರ ನಿಮ್ಮದು."

"ಕ್ರಯಕ್ಕೆ ತಕಂಡ್ರೂ ನಮ್ದಲ್ವಾ? ಅದ್ಯಾವ ಸೀಮೆ ಕ್ರಯ್ವಯ್ಯಾ?"

ಇಡೀ ಜಗತ್ತಿನ ವಕೀಲರು ಸೇರಿ ಪುಟಗಟ್ಟಲೆ ಬರೆದು ಮುಚ್ಚಿಟ್ಟದ್ದನ್ನು ಗೌಡರು ಒಂದೇ ಪ್ರಶ್ನೆಯಲ್ಲಿ ಬಯಲಿಗೆ ಎಳೆದಿದ್ದರು. ಕಿರಣ್ ನೀರು ಕುಡಿದರು. ಕೊನೆಯ ಸ್ಲೈಡಿನಲ್ಲಿ, ಸ್ವಲ್ಪ ತಗ್ಗಿದ ದನಿಯಲ್ಲಿ, ಲೈಸೆನ್ಸ್ ಫೀಸೇ ಇಲ್ಲದ ಓಪನ್ ಸೋರ್ಸ್ ಅನ್ನುವುದೂ ಇದೆ, ಆದರೆ ಅದನ್ನು ನೋಡಿಕೊಳ್ಳಲು ತಿಳಿದವರು ಬೇಕು ಅಂದರು. "ಬಿಟ್ಟಿ ಬಂದದ್ದು ಬಾಳ್ಕೆ ಬರಾಕಿಲ್ಲ, ತಗಿ ಅದ್ನ" ಅಂತ ಗೌಡರು ಆ ಬಾಗಿಲನ್ನೂ ಮುಚ್ಚಿದರು.

ಈಗ ನನಗೆ ಇದೆಲ್ಲ ಅರ್ಥವಾಗಿದೆ. (ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ್ದೇನೆ.) ನಿಮ್ಮ ಸಂಘ, ಸಂಸ್ಥೆ, ಸೊಸೈಟಿಯಲ್ಲೂ ನಾಳೆ ಯಾರಾದರೂ ಸ್ಲೈಡ್ ಬಿಡಬಹುದು. ಹಾಗಾಗಿ ಹೇಳಿಬಿಡುತ್ತೇನೆ, ಕೇಳಿ.

ಮದುವೆ ಮನೆಯ ಅಡುಗೆ ಕಂಟ್ರಾಕ್ಟು ಅಂತ ತಿಳಿಯಿರಿ. ಒಲೆ ಎಷ್ಟು ದೊಡ್ಡದು ಅನ್ನುವುದಕ್ಕೆ ಒಂದು ರೇಟು. ಅದು ಪರ್ ಕೋರ್, ಅಂದರೆ ಸರ್ವರ್‌ನ ಮಿದುಳು ಎಷ್ಟು ಭಾಗದ್ದು ಅನ್ನುವುದಕ್ಕೆ. ಒಲೆಗೆ ಕೊಟ್ಟ ಮಾತ್ರಕ್ಕೆ ಊಟಕ್ಕೆ ಕೂರುವಂತಿಲ್ಲ. ಉಣ್ಣುವವರಿಗೆ ಬೇರೆ ರೇಟು. ಅದರಲ್ಲಿ ಎರಡು ಬಗೆ. ತಲೆಗಿಷ್ಟು ಅಂತ ಕೊಡಬಹುದು. ಆ ಮನುಷ್ಯ ಪಂಕ್ತಿಯಲ್ಲಾದರೂ ಉಣ್ಣಲಿ, ಬಫೆಯಲ್ಲಾದರೂ ಉಣ್ಣಲಿ, ಅವನು ಒಬ್ಬನೇ. ಇದು ಯೂಸರ್ ಲೈಸೆನ್ಸ್. ಇಲ್ಲವೇ ಪಂಕ್ತಿಯಲ್ಲಿ ಎಷ್ಟು ಜಾಗ ಇದೆಯೋ ಅಷ್ಟಕ್ಕೆ ಕೊಡಬಹುದು. ಒಂದೇ ಜಾಗದಲ್ಲಿ ಮೊದಲನೇ ಪಂಕ್ತಿಗೆ ರಾಮಣ್ಣ, ಎರಡನೇ ಪಂಕ್ತಿಗೆ ಭೀಮಣ್ಣ, ಮೂರನೇ ಪಂಕ್ತಿಗೆ ಅವರ ಹೆಂಡಿರು ಮಕ್ಕಳು ಕೂತು ಎದ್ದು ಹೋಗಲಿ, ಲೆಕ್ಕ ಜಾಗಕ್ಕೆ ಮಾತ್ರ. ಇದು ಡಿವೈಸ್ ಲೈಸೆನ್ಸ್. ಒಬ್ಬೊಬ್ಬರ ಬಳಿ ಮೂರು ಮೂರು ಯಂತ್ರ ಇದ್ದರೆ ತಲೆ ಲೆಕ್ಕ ಲಾಭ. ಇಪ್ಪತ್ತು ಜನ ನಾಲ್ಕು ಯಂತ್ರದ ಮುಂದೆ ಸಾಲು ನಿಲ್ಲುವವರಾದರೆ ಜಾಗದ ಲೆಕ್ಕ ಲಾಭ.

ಇಷ್ಟೇ. ಇಷ್ಟನ್ನು ನಮಗೆ ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ!

ಹೇಳಿದ್ದರು. ಅದು ಆಮೇಲೆ.

ನಮ್ಮಲ್ಲಿದ್ದದ್ದು ನಾಲ್ಕು ಕಂಪ್ಯೂಟರ್. ಆಫೀಸಿನಲ್ಲಿ ಎರಡು, ಸ್ಟಾಫ್ ರೂಮಿನಲ್ಲಿ ಒಂದು, ಲೈಬ್ರರಿಯಲ್ಲಿ ಒಂದು. ಬಳಸುವವರು ಇಪ್ಪತ್ತೆರಡು ಉಪನ್ಯಾಸಕರು. ಮಗ್ಗಿ ಬರುವ ಯಾರಾದರೂ ಉತ್ತರ ಹೇಳಬಹುದಿತ್ತು. ಆದರೆ ಕಿರಣ್ ಹೋಗುವಾಗ, "ಎಷ್ಟು ಜನ ಬಳಸ್ತಾರೆ ಅಂತ ಒಂದು ಪಟ್ಟಿ ಕೊಡಿ ಸರ್" ಅಂದು ಹೋದರು. ಪಟ್ಟಿ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ತಡ, ನಮ್ಮ ಕಾರ್ಯದರ್ಶಿಗಳು ಎದ್ದು ಕೂತರು.

ಕಾರ್ಯದರ್ಶಿಗಳು ಶ್ರೀಕಂಠಯ್ಯನವರು. ಶ್ರೀರಂಗಪಟ್ಟಣದವರು, ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಅವರ ಇಡೀ ಜೀವಮಾನದ ಅನುಭವದ ಸಾರ ಒಂದೇ ಮಾತು: "ಪಟ್ಟಿ ಕೇಳಿದ್ರೆ ಒಂದು ಹೆಸರೂ ಬಿಡಬಾರದು ಮೇಡಂ. ಕಡಿಮೆ ಮಾಡೋದಿದ್ರೆ ಅವರೇ ಮಾಡ್ಕೋತಾರೆ." ಸೈಕಲ್ಲಾಗಲಿ, ಬೆಂಚಾಗಲಿ, ಕುಕ್ಕರಾಗಲಿ, ನಮ್ಮ ಕಡೆ ತಲೆ ಲೆಕ್ಕದ ಮೇಲೆ ಏನೋ ಬರುತ್ತದೆ ಅಂತಲೇ ಅಭ್ಯಾಸ. ತಲೆ ಲೆಕ್ಕದ ಮೇಲೆ ಕೊಡಬೇಕಾಗುತ್ತದೆ ಅಂತ ಯಾರಿಗೆ ಹೊಳೆಯಬೇಕು?

ಒಂದು ವಾರ ಕೂತು ಪಟ್ಟಿ ಮಾಡಿದರು. ಉಪನ್ಯಾಸಕರು, ಎಲ್ಲ ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿ ಸಂಘದ ಪದಾಧಿಕಾರಿಗಳು, ವಾಚ್‌ಮನ್, ತೋಟದವನು. ಲ್ಯಾಬ್ ಅಟೆಂಡರ್ ನಿಂಗಣ್ಣ ತೀರಿಕೊಂಡು ಒಂದು ವರ್ಷವಾಗಿತ್ತು, ಅವನೂ ಇದ್ದ. ಯಾಕೆ ಸ್ವಾಮಿ ಅಂತ ಕೇಳಿದೆ. "ಮನುಷ್ಯ ಇಲ್ಲ ಮೇಡಂ, ಹುದ್ದೆ ಇದೆಯಲ್ಲ" ಅಂದರು.

ಆ ಪಟ್ಟಿಯ ಮೇಲೆ ಕಿರಣ್ ಕೊಟೇಶನ್ ಕಳಿಸಿದರು. ಮೊತ್ತ ಎಷ್ಟು ಅಂತ ಬರೆಯುವುದಿಲ್ಲ. ಗೌಡರು ಕಾಫಿ ಲೋಟ ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು ಅಂತ ಮಾತ್ರ ಹೇಳುತ್ತೇನೆ.

"ಸತ್ತೋದ ನಿಂಗಣ್ಣಂಗೂ ಲೈಸೆನ್ಸಾ? ಬದುಕಿದ್ದಾಗ್ಲೇ ಅವ್ನು ಲ್ಯಾಬ್ ಬಾಗ್ಲು ತಗೀತಿರ್ನಿಲ್ವಲ್ಲ ಕಣ್ರೀ!"

ಎಲ್ಲರೂ ನಕ್ಕರು. ನಕ್ಕ ಮೇಲೆ ಗಾಬರಿಯಾದರು. ಹಾಗಾದರೆ ತೀರಾ ಕಡಿಮೆ ಅಂದರೆ ಎಷ್ಟು ತೆಗೆದುಕೊಳ್ಳಬಹುದು? ಐದು ಯೂಸರ್‌ದೊಂದು ಪ್ಯಾಕು ಇದೆ ಅಂತ ಕಿರಣ್ ಫೋನಿನಲ್ಲಿ ಹೇಳಿದರು. ಐದು ಸಾಕೇ? ಎಲ್ಲರೂ ನನ್ನ ಮುಖ ನೋಡಿದರು. ಅರ್ಥಶಾಸ್ತ್ರದವಳಲ್ಲವೇ?

ಇಲ್ಲಿ ನನ್ನ ಘನಕಾರ್ಯವನ್ನು ಹೇಳಿಕೊಳ್ಳಬೇಕು. ನಾನು ಗಂಟಲು ಸರಿ ಮಾಡಿಕೊಂಡು, "ಐದು ಧಾರಾಳವಾಯಿತು. ಉಪನ್ಯಾಸಕರು ಹಂಚಿಕೊಂಡು ಬಳಸಲಿ. ಇದನ್ನೇ ನಾವು ಸಂಪನ್ಮೂಲದ ಸದ್ಬಳಕೆ ಅನ್ನುವುದು" ಅಂದೆ. ಮೇಜು ಕುಟ್ಟಿದರು. ನನಗೆ ಇನ್ನೊಂದು ಬೋಂಡಾ ಬಂತು.

ಐದು ಲೈಸೆನ್ಸ್ ಬಂತು. ಯಾರ್ಯಾರಿಗೆ ಕೊಡಬೇಕು?

ನಿಮ್ಮೂರಲ್ಲಿ ಹೇಗೋ, ನಮ್ಮ ಕಡೆ ಇದಕ್ಕೊಂದು ಕ್ರಮವಿದೆ. ಹಾರ ಬರಲಿ, ಶಾಲು ಬರಲಿ, ಫಲತಾಂಬೂಲ ಬರಲಿ, ಹಂಚುವುದು ಆಹ್ವಾನ ಪತ್ರಿಕೆಯ ಕ್ರಮದಲ್ಲೇ. ಮೊದಲನೆಯದು ಅಧ್ಯಕ್ಷರಿಗೆ. ಎರಡನೆಯದು ಕಾರ್ಯದರ್ಶಿಗಳಿಗೆ. ಮೂರನೆಯದು ಪ್ರಿನ್ಸಿಪಾಲರಿಗೆ. ನಾಲ್ಕನೆಯದು ಮಹಿಳಾ ಪ್ರತಿನಿಧಿಗೆ, ಅಂದರೆ ನನಗೆ. ನಾನೇನಾದರೂ ಬೇಡ ಅಂದೆನೇ? ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ನಂಗ್ಯಾಕೆ ಇವೆಲ್ಲಾ" ಅಂತ ಬಾಯಲ್ಲಿ ಹೇಳುತ್ತಾ ಸೆರಗು ಸರಿ ಮಾಡಿಕೊಂಡು ಲಕೋಟೆ ತೆಗೆದುಕೊಂಡು ಫೋಟೋಗೆ ನಿಂತೆ. ಸರ್ವರ್‌ಗೆ ಅರಿಶಿನ ಕುಂಕುಮ ಹಚ್ಚಿ, ಎಲ್ಲರೂ ಆ ಎ.ಸಿ. ರೂಮಿನಲ್ಲಿ ಹತ್ತು ನಿಮಿಷ ತಣ್ಣಗೆ ನಿಂತು, ನಾಲ್ಕೂ ಲಕೋಟೆಗಳನ್ನು ಬೀರುವಿಗೆ ಸೇರಿಸಿ ಊಟಕ್ಕೆ ಹೋದೆವು.

ಐದನೆಯದು? "ಕೆಲಸ ಮಾಡೋರೂ ಒಬ್ಬರು ಬೇಕಲ್ಲ" ಅಂತ ಶ್ರೀಕಂಠಯ್ಯನವರಿಗೆ ನೆನಪಾಯಿತು. ಹಾಗೆ ಅದು ಸವಿತಾಳ ಹೆಸರಿಗೆ ಹೋಯಿತು.

ಸವಿತಾ ಕಾಲೇಜಿನ ಕಂಪ್ಯೂಟರ್ ಆಪರೇಟರ್. ನಾಗಮಂಗಲದ ಹತ್ತಿರದ ಹಳ್ಳಿಯವಳು. ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ. ಕೆಲಸ ಕಾಯಂ ಅಲ್ಲ, ಪ್ರತಿ ಜೂನ್‌ನಲ್ಲಿ ಆರ್ಡರ್ ರಿನ್ಯೂ ಆಗಬೇಕು. ಹೈಸ್ಕೂಲ್ ಓದುವ ಮಗಳಿದ್ದಾಳೆ. ಮಾತು ಕಡಿಮೆ, ಕೆಲಸ ಜಾಸ್ತಿ. (ಅಂಥವರ ಆರ್ಡರೇ ಯಾಕೆ ಯಾವಾಗಲೂ ಜೂನ್‌ಗೆ ಮುಗಿಯುತ್ತದೆ?)

ಇಪ್ಪತ್ತೆರಡು ಉಪನ್ಯಾಸಕರಿಗೆ ಒಂದು ಸುತ್ತೋಲೆ ಹೋಯಿತು: 'ಎಲ್ಲರೂ ಗಣಕಯಂತ್ರ ಸಹಾಯಕಿ ಸವಿತಾ ಇವರ ಹೆಸರಿನಲ್ಲಿಯೇ ಪ್ರವೇಶಿಸತಕ್ಕದ್ದು.' ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ನಾಲ್ಕೂ ಕಂಪ್ಯೂಟರಿಗೆ ಅಂಟಿಸಿದರು. ಬಲ್ಬಿನ ಸ್ವಿಚ್ಚಿನ ಪಕ್ಕ 'ಹೊರಗೆ ಹೋಗುವಾಗ ಆರಿಸಿ' ಅಂತ ಅಂಟಿಸುತ್ತಾರಲ್ಲ, ಹಾಗೆ.

ಎರಡು ವರ್ಷ ಎಲ್ಲ ಸುಸೂತ್ರ ನಡೆಯಿತು. ಹೋದ ತಿಂಗಳು ಪರೀಕ್ಷೆಗೆ ಮುಂಚೆ ಹಾಜರಾತಿ ಕೊರತೆ ಇರುವವರ ಪಟ್ಟಿ ತೆಗೆದರು. ಕೊರತೆ ಇದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಪ್ರಿನ್ಸಿಪಾಲರು ಕಾಗದದ ರಿಜಿಸ್ಟರನ್ನೂ ಕಂಪ್ಯೂಟರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ವರ್ಷವಿಡೀ ಬಸ್ ಸ್ಟ್ಯಾಂಡಿನಲ್ಲೇ ಪದವಿ ಓದಿದ ಹನ್ನೊಂದು ಜನ ಕಂಪ್ಯೂಟರಿನಲ್ಲಿ ದಿನವೂ ತರಗತಿಗೆ ಬಂದಿದ್ದಾರೆ! ಯಾರೋ ತಿದ್ದಿದ್ದಾರೆ. (ಹನ್ನೊಂದರಲ್ಲಿ ಯಾರ್ಯಾರ ನೆಂಟರಿದ್ದರು ಅಂತ ನನ್ನನ್ನು ಕೇಳಬೇಡಿ. ಈ ಸೀಮೆಯಲ್ಲಿ ಯಾರು ಯಾರಿಗೆ ನೆಂಟರಲ್ಲ?) ತಿದ್ದಿದ್ದು ಯಾರು? ಸರ್ವರ್ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ತಾರೀಕು, ಗಂಟೆ, ಯಂತ್ರ, ಹೆಸರು. ಹೆಸರು: ಸವಿತಾ.

ಮಂಗಳವಾರ ತುರ್ತು ಮೀಟಿಂಗು. ಸವಿತಾಳನ್ನು ಒಳಗೆ ಕರೆದರು. ಕೂರು ಅಂತ ಯಾರೂ ಅನ್ನಲಿಲ್ಲ.

"ಏನವ್ವಾ, ನಿನ್ನೆಸ್ರಲ್ಲೇ ಆಗದೆ ಅಂತ ಕಂಪೂಟ್ರೇ ಯೋಳ್ತಾ ಅದೆ. ಎಷ್ಟ್ ಇಸ್ಕಂಡೆ?" ಅಂದರು ಗೌಡರು.

ಸವಿತಾ, "ನಾನು ಮಾಡಿಲ್ಲ ಸಾ" ಅಂದಳು. "ತಿದ್ದಿರೋ ದಿವ್ಸ ಬೆಳಗ್ಗೆ ಅನ್ನೊಂದು ಗಂಟೇಲಿ, ಲೈಬ್ರರಿ ಕಂಪ್ಯೂಟ್ರಿಂದ ಆಗದೆ. ಅವತ್ತು ನಾನು ಕಾಲೇಜಲ್ಲೇ ಇರ್ನಿಲ್ಲ. ನೀವೇ ಪೇಪರ್ಸ್ ಕೊಟ್ಬಾ ಅಂತ ಮೈಸೂರ್ಗೆ ಕಳ್ಸಿದ್ರಿ. ಸೆಕ್ರೆಟ್ರಿ ಸಾರೇ ಆನ್ ಡ್ಯೂಟಿ ಸ್ಲಿಪ್ಪಿಗೆ ಸೈನ್ ಮಾಡವ್ರೆ."

ಎಲ್ಲರೂ ಶ್ರೀಕಂಠಯ್ಯನವರತ್ತ ನೋಡಿದರು. ಅವರು ಫೈಲಿನ ದಾರ ಬಿಚ್ಚಿ, ಮತ್ತೆ ಕಟ್ಟಿದರು.

"ಅದು ಬೇರೆ ವಿಷಯಮ್ಮಾ. ರೆಕಾರ್ಡ್ ಅಂದ್ರೆ ರೆಕಾರ್ಡು. ನಿನ್ನ ಪಾಸ್‌ವರ್ಡಿಗೆ ನೀನೇ ಜವಾಬ್ದಾರಿ."

"ಪಾಸ್‌ವರ್ಡು ಎಲ್ಲಾ ಕಂಪ್ಯೂಟ್ರು ಮೇಲೂ ಅಂಟ್ಸದೆ ಸಾ. ನೀವೇ ಅಂಟ್ಸಿ ಅಂದ್ರಿ."

"ಅಂಟ್ಸು ಅಂದ್ರೆ ಅಂಟ್ಸಿಬಿಡೋದಾ? ನಿನಗೆ ಬುದ್ಧಿ ಬೇಡ್ವಾ?"

ಓದುಗರೇ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ಗಾದೆ ಕೇಳಿದ್ದೆ. ಬರೆ ಹಾಕುವ ಕಮಿಟಿಯಲ್ಲಿ ನಾನೂ ಕೂತಿರುತ್ತೇನೆ ಅಂತ ಅಂದುಕೊಂಡಿರಲಿಲ್ಲ. ಶುಕ್ರವಾರ ಮತ್ತೆ ಸೇರಿ ಅಂತಿಮ ತೀರ್ಮಾನ ಮಾಡುವುದು, ಅಲ್ಲಿಯವರೆಗೆ ಸವಿತಾ ಕೆಲಸಕ್ಕೆ ಬರಬಾರದು ಅಂತ ಬರೆದುಕೊಂಡರು. ತೀರ್ಮಾನ ಏನು ಅಂತ ಎಲ್ಲರಿಗೂ ಗೊತ್ತಿತ್ತು. ದಾಖಲೆ ತಿದ್ದಿದವಳು ಅಂತ ಒಂದು ಕಾಲೇಜಿನಿಂದ ತೆಗೆದರೆ ನಾಗಮಂಗಲದಿಂದ ಮಂಡ್ಯದವರೆಗೆ ಇನ್ಯಾವ ಕಾಲೇಜಿನ ಬಾಗಿಲು ಅವಳಿಗೆ ತೆರೆಯುತ್ತದೆ?

ನಾನೇನು ಮಾಡಿದೆ? ನನ್ನ ಬಾಯಿ ಜೋರು ಅಂತ ಪಾಂಡವಪುರಕ್ಕೆಲ್ಲ ಗೊತ್ತು. ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ಇಡೀ ಬಸ್ಸಿಗೆ ಕೇಳುವಂತೆ ಜಗಳ ಮಾಡುವವಳು ನಾನು. ಅವತ್ತು ತುಟಿ ಬಿಚ್ಚಲಿಲ್ಲ. 'ಐದು ಧಾರಾಳವಾಯಿತು' ಅಂದವಳು ನಾನೇ ಅಂತ ಯಾರಾದರೂ ನೆನಪು ಮಾಡಿಬಿಟ್ಟರೆ ಅನ್ನುವ ಹೆದರಿಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಸೆರಗು ಹೊದ್ದು ಹೆಗಲನ್ನೇ ಮುಚ್ಚಿಕೊಂಡು ಕೂತಿದ್ದೆ. ಸವಿತಾ ಹೊರಗೆ ಹೋಗುವಾಗ ನನ್ನ ಕಡೆ ನೋಡಿದಳು. ಒಬ್ಬಳು ಹೆಂಗಸು ಇದ್ದಾಳಲ್ಲ ಅಂತಲೋ ಏನೋ. ನಾನು ಬೋಂಡಾ ತಟ್ಟೆ ನೋಡಿದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಬಸ್ಸು ಹತ್ತುವ ಮುಂಚೆ ಆಫೀಸಿಗೆ ಹೋಗಿ, ಸರ್ವರ್ ಖರೀದಿಯ ಫೈಲ್ ಕೇಳಿ ಇಸಿದುಕೊಂಡೆ. ಆ ಐದು ಅನ್ನುವ ಮಾತು ಯಾರ ಹೆಸರಿನಲ್ಲಿ ದಾಖಲಾಗಿದೆ ನೋಡಬೇಕಿತ್ತು. (ಇನ್ನೂ ನನ್ನ ಚಿಂತೆಯೇ ನನಗೆ!) ಪಾಂಡವಪುರದ ಮನೆಗೆ ಬಂದು ಜಗಲಿಯಲ್ಲಿ ಕೂತು ಹಾಳೆ ಮಗುಚಿದೆ. ಕೊಟೇಶನ್‌ಗಳ ನಡುವೆ ಒಂದು ಕೈಬರಹದ ಅರ್ಜಿ. ಗುಂಡುಗುಂಡಾದ ಅಕ್ಷರ. ಬರೆದವಳು ಸವಿತಾ. ತಾರೀಕು, ನಾವು ಐದು ಲೈಸೆನ್ಸ್ ಕೊಳ್ಳುವುದಕ್ಕೆ ಹತ್ತು ದಿನ ಮೊದಲಿನದು.

'ಮಾನ್ಯರೇ, ನಮ್ಮಲ್ಲಿ ನಾಲ್ಕೇ ಕಂಪ್ಯೂಟರ್ ಇರುವುದರಿಂದ ತಲೆ ಲೆಕ್ಕದ ಲೈಸೆನ್ಸ್ ಬದಲು ಯಂತ್ರದ ಲೆಕ್ಕದ ಲೈಸೆನ್ಸ್ ನಾಲ್ಕು ತೆಗೆದುಕೊಂಡರೆ ಸಾಕು. ಎಲ್ಲ ಉಪನ್ಯಾಸಕರೂ ಅದೇ ಯಂತ್ರಗಳಲ್ಲಿ ತಮ್ಮ ತಮ್ಮ ಬೇರೆ ಹೆಸರಿನಿಂದ ಕೆಲಸ ಮಾಡಬಹುದು. ಒಬ್ಬರ ಹೆಸರಿನಲ್ಲಿ ಹಲವರು ಒಳಗೆ ಹೋಗುವುದು ಕಂಪನಿಯ ಷರತ್ತಿಗೆ ವಿರುದ್ಧ. ನಾಳೆ ತಪ್ಪಾದರೆ ಮಾಡಿದ್ದು ಯಾರು ಎಂದು ತಿಳಿಯುವುದಿಲ್ಲ. ದಯವಿಟ್ಟು ಪರಿಶೀಲಿಸಬೇಕಾಗಿ ಕೋರಿಕೆ.'

ಕನ್ನಡದಲ್ಲೇ ಇತ್ತು. ಅರ್ಧ ಪುಟ. ಐದರ ಬದಲು ನಾಲ್ಕು ಸಾಕಾಗುತ್ತಿತ್ತು, ಮತ್ತು ಎಲ್ಲರಿಗೂ ಅವರವರ ಹೆಸರು ಇರುತ್ತಿತ್ತು. ಅರ್ಜಿಯ ಎಡಮೂಲೆಯಲ್ಲಿ 'ನೋಡಲಾಗಿದೆ' ಅಂತ ಹಸಿರು ಶಾಯಿಯಲ್ಲಿ ಒಂದು ಸಹಿ. ನನ್ನದು.

ನಮ್ಮ ಯಜಮಾನರು ಪೇಪರ್ ಮಡಚಿಟ್ಟು ಬಗ್ಗಿ ನೋಡಿದರು. "ನೋಡಿದ್ದೀಯ ಅಂತ ಬರ್ದಿದ್ದೀಯ. ಓದಿದ್ದೀಯ ಅಂತ ಬರ್ದಿಲ್ವಲ್ಲ, ಬಿಡು" ಅಂದರು. ನಲವತ್ತು ವರ್ಷದಿಂದ ಈ ಮನುಷ್ಯ ಹೀಗೇ ಸಮಾಧಾನ ಮಾಡುವುದು.

ಅವತ್ತೇ ಕಿರಣ್‌ಗೆ ಫೋನ್ ಮಾಡಿದೆ. "ಅವರು ಬರೆದಿರೋದು ಸರಿ ಮೇಡಂ. ನಿಮ್ಮ ಥರದ ಕಾಲೇಜಿಗೆ ಡಿವೈಸ್ ಲೈಸೆನ್ಸೇ ಹೊಂದೋದು" ಅಂದರು. ಮತ್ತೆ ಯಾಕಪ್ಪಾ ನೀನು ಹೇಳಲಿಲ್ಲ ಅಂದೆ. "ಹದಿನೇಳನೇ ಸ್ಲೈಡ್‌ನಲ್ಲಿ ಇತ್ತು ಮೇಡಂ" ಅಂದರು. ಜೊತೆಗೆ, ಒಂದು ಹೆಸರಿನಲ್ಲಿ ಇಪ್ಪತ್ತೆರಡು ಜನ ನುಗ್ಗಿದರೂ ಕಂಪನಿಯ ಲೆಕ್ಕದಲ್ಲಿ ಅವರು ಇಪ್ಪತ್ತೆರಡೇ, ಆಡಿಟ್ ಬಂದರೆ ಕಾಲೇಜು ಸಿಕ್ಕಿಬೀಳುತ್ತದೆ ಅಂತಲೂ ಸೇರಿಸಿದರು. ಅಂದರೆ ನನ್ನ ಸಂಪನ್ಮೂಲದ ಸದ್ಬಳಕೆಯಿಂದ ಉಳಿದದ್ದು ಏನೂ ಇಲ್ಲ. ಕಾನೂನಿಗೂ ತಪ್ಪು, ಲೆಕ್ಕಕ್ಕೂ ತಪ್ಪು, ಮನುಷ್ಯತ್ವಕ್ಕೂ ತಪ್ಪು. ಇಷ್ಟು ಸಮಗ್ರವಾಗಿ ತಪ್ಪು ಮಾಡುವುದಕ್ಕೂ ಒಂದು ಎಂ.ಎ. ಬೇಕು ನೋಡಿ.

ಶುಕ್ರವಾರ ಮೀಟಿಂಗಿನಲ್ಲಿ, ಬೋಂಡಾ ಬರುವ ಮುಂಚೆಯೇ ಎದ್ದು ನಿಂತೆ. ಅರ್ಜಿ ಓದಿದೆ. ಕೊನೆಗೆ ಹಸಿರು ಸಹಿ ಯಾರದು ಅಂತಲೂ ಹೇಳಿದೆ. ತೀರ್ಮಾನ ಕೇಳಲು ಕರೆಸಿದ್ದ ಸವಿತಾ ಬಾಗಿಲ ಪಕ್ಕ ನಿಂತಿದ್ದಳು. ಕೂರಲು ಕುರ್ಚಿ ನಾನೇ ಎಳೆದು ಹಾಕಿದೆ. ಅವಳು ಕೂರಲಿಲ್ಲ.

ಗೌಡರು ಗಲ್ಲ ಕೆರೆದುಕೊಂಡರು. "ಇದ್ನ ಆವಾಗ್ಲೇ ಯೋಳ್ಬಾರ್ದಾಗಿತ್ತಾ?"

"ಹೇಳಿದ್ದಾಳೆ ಗೌಡ್ರೇ. ಬರೆದು ಕೊಟ್ಟಿದ್ದಾಳೆ. ಓದದೆ ಸೈನ್ ಹಾಕಿದವಳು ನಾನು. ಐದು ಸಾಕು ಅಂದವಳೂ ನಾನು. ಮೇಜು ಕುಟ್ಟಿದವರು ನೀವು. ಕೆಲಸ ಮಾಡದ ನಾಲ್ಕು ಜನ ಲೈಸೆನ್ಸ್ ಇಟ್ಟುಕೊಂಡು, ಕೆಲಸ ಮಾಡೋ ಇಪ್ಪತ್ತೆರಡು ಜನರನ್ನ ಇವಳ ಹೆಸರಿನ ಮೇಲೆ ಹತ್ತಿಸಿದ್ದು ನಾವೇ. ಈಗ ಹೆಸರು ಹರಿದುಹೋಯಿತು ಅಂತ ಇವಳನ್ನೇ ಕೇಳಿದ್ರೆ?"

ಶ್ರೀಕಂಠಯ್ಯನವರು ಕಚೇರಿ ಕಂಡವರು, ದಾರಿ ಹುಡುಕುವುದು ಅವರಿಗೆ ಗೊತ್ತು. "ಆಯ್ತು. ಮಾನವೀಯ ದೃಷ್ಟಿಯಿಂದ ಈ ಬಾರಿ ಕ್ಷಮಿಸಲಾಗಿದೆ ಅಂತ ಬರ್ಕೊಳ್ಳೋಣ. ಎಚ್ಚರಿಕೆ ಕೊಟ್ಟು ಬಿಡೋಣ" ಅಂದರು.

ಆಗ ಸವಿತಾ ಮಾತಾಡಿದಳು. ದನಿ ಏರಲಿಲ್ಲ.

"ಕ್ಷಮಿಸ್ಬೇಡಿ ಸಾ. ನಾನು ಮಾಡಿಲ್ಲ ಅಂತ ಬರ್ಕೊಡಿ."

"ಎರಡೂ ಒಂದೇ ಅಲ್ವೇನಮ್ಮಾ?"

"ಒಂದೇ ಆದ್ರೆ ನಾನ್ ಕೇಳಿದ್ದನ್ನೇ ಬರೀರಿ ಸಾ."

ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಮೂರು ದಿನ ಮನೆಯಲ್ಲಿ ಕೂರಿಸಿ, ಊರಿಗೆಲ್ಲ ಸುದ್ದಿ ಹಬ್ಬಿಸಿ, ಬಸ್ಸಿನಲ್ಲಿ ಪಕ್ಕ ಕೂತವರು ಕೂಡ 'ಏನಂತೆ ವಿಷ್ಯ' ಅಂತ ಕೇಳುವ ಹಾಗೆ ಮಾಡಿದ್ದೆವಲ್ಲ, ಆ ಮೂರು ದಿನಕ್ಕೆ ಯಾವ ಲೈಸೆನ್ಸ್ ಇತ್ತು ನಮಗೆ? ಗೌಡರು, "ಬರೀರಿ ಅಯ್ನೋರೆ, ಅವ್ಳ್ ಯೋಳ್ದಂಗೇ ಬರೀರಿ. ತೆಪ್ಪು ನಮ್ದೇಯ" ಅಂದರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತು ಅಂತ ಅವರ ಮುಖ ನೋಡಿದವರಿಗೆ ಗೊತ್ತು. ಆ ಒಂದು ಮಾತಿಗೆ ನಾನು ಅವರಿಗೆ ಕೈ ಮುಗಿಯುತ್ತೇನೆ.

ಬರೆದರು. ಸವಿತಾ ಹೊರಗೆ ಹೋಗಲಿಲ್ಲ. ಅಲ್ಲೇ ನಿಂತು ಪೂರ್ತಿ ಓದಿದಳು. ಒಂದು ಕಡೆ 'ತಿಳಿದುಬಂದಿರುವುದಿಲ್ಲ' ಅಂತಿದ್ದದ್ದನ್ನು ತೋರಿಸಿ, 'ಮಾಡಿರುವುದಿಲ್ಲ' ಅಂತ ತಿದ್ದಿಸಿದಳು. ಆಮೇಲೆ ಒಂದು ಜೆರಾಕ್ಸ್ ಕೇಳಿ, ಮಡಚಿ ಬ್ಯಾಗಿಗೆ ಹಾಕಿಕೊಂಡಳು. ನನ್ನ ಕಡೆ ತಿರುಗಿ "ಥ್ಯಾಂಕ್ಸ್ ಮೇಡಂ" ಅಂದಳು. ಅದರಲ್ಲಿ ಕೃತಜ್ಞತೆ ಇತ್ತು ಅಂತ ನಾನೇನೂ ಭ್ರಮೆ ಇಟ್ಟುಕೊಂಡಿಲ್ಲ. ಎರಡು ವರ್ಷ ತಡವಾಗಿ ಅರ್ಜಿ ಓದಿದವಳಿಗೆ ಅಷ್ಟು ಸಿಕ್ಕಿದ್ದೇ ಹೆಚ್ಚು.

ನಾಲ್ಕು ಡಿವೈಸ್ ಲೈಸೆನ್ಸ್ ತರಿಸುವುದು, ಚೀಟಿಗಳನ್ನು ಕಿತ್ತು ಹಾಕುವುದು, ಪ್ರತಿ ಉಪನ್ಯಾಸಕರಿಗೂ ಬೇರೆ ಹೆಸರು ಮಾಡುವುದು ಅಂತ ಠರಾವಾಯಿತು. ಹೆಸರುಗಳನ್ನು ಮಾಡುವ ಕೆಲಸ ಸವಿತಾಳಿಗೇ. (ಇನ್ಯಾರಿಗೆ?) "ಅಂಗಾರೆ ನನ್ನ ಲಕೋಟೆ ವಾಪಸ್ ಕೊಡ್ಬೇಕಾ?" ಅಂತ ಗೌಡರು ಕೇಳಿದರು. ಬೇಡ, ಬೀರುವಿನಲ್ಲೇ ಇರಲಿ ಅಂದೆವು. ಬೋಂಡಾ ಬಂತು. ಕೋಣೆಯ ಗಾಳಿ ಹಗುರಾಯಿತು. ಶ್ರೀಕಂಠಯ್ಯನವರು "ಮುಂದಿನ ವಿಷಯ, ಶೌಚಾಲಯದ ದುರಸ್ತಿ" ಅಂತ ಓದಲು ಶುರು ಮಾಡಿದರು.

ನಾನು ತಡೆದೆ. "ಒಂದು ನಿಮಿಷ. ಸವಿತಾ ಅಲ್ಲ ಅಂದ ಮೇಲೆ, ಆ ಹನ್ನೊಂದು ಜನರದ್ದನ್ನ ತಿದ್ದಿದ್ದು ಯಾರು? ಅವತ್ತು ಹನ್ನೊಂದು ಗಂಟೆಗೆ ಲೈಬ್ರರಿಯಲ್ಲಿ ಯಾರು ಕೂತಿದ್ದರು ಅಂತ ಕೇಳೋಣ ಅಲ್ಲವಾ?"

ಪ್ರಿನ್ಸಿಪಾಲರು ಚಟ್ನಿ ಕಡೆ ಕೈ ಚಾಚಿದರು. ಕಾರ್ಯದರ್ಶಿಗಳು ಪುಟ ತಿರುಗಿಸಿದರು. ಗೌಡರು ಬೋಂಡಾ ಮುರಿಯುತ್ತ, ಬಹಳ ಪ್ರೀತಿಯಿಂದಲೇ ಹೇಳಿದರು:

"ಓಗ್ಲಿ ಬುಡಿ ಮೇಡಮ್ಮೋರೆ. ಏನೋ ಆಗೋಗದೆ. ಐಕ್ಳು ಭವಿಷ್ಯ ನೋಡ್ಬೇಕಲ್ವಾ? ಬರ್ಕಳ್ಳಿ ಎಕ್ಸಾಮು."

ಸವಿತಾ ಮಾಡಿದ್ದಾಳೆ ಅಂದುಕೊಂಡಿದ್ದ ಮೂರು ದಿನ ಅದು ಕೆಲಸದಿಂದ ತೆಗೆಯುವಂಥ ಅಪರಾಧವಾಗಿತ್ತು. ಅವಳಲ್ಲ ಅಂತ ಗೊತ್ತಾದ ಹತ್ತೇ ನಿಮಿಷಕ್ಕೆ ಅದು ಮಕ್ಕಳ ಭವಿಷ್ಯವಾದದ್ದು ಹೇಗೆ?